ಸಾಮಾನ್ಯ ಕೈದಿಯಂತೆ ನೋಡ್ಕೊಳ್ತಿದ್ದಾರಂತೆ, ಛೇ!

ಪರಪ್ಪನ ಅಗ್ರಹಾರ ಜೈಲಿನಿಂದ ಇನ್ನೊಂದು ವಿಡಿಯೊ ಬಂತು ಅಂದರೆ ಈಗ ಯಾರೂ ಬೆಚ್ಚಿಬೀಳುವುದಿಲ್ಲ. ‘ಈ ಸಲ ಯಾರದು?’ ಅಂತ ಕೇಳುತ್ತಾರೆ, ಅಷ್ಟೆ. 2025ರ ನವೆಂಬರ್ ಕಂತಿನಲ್ಲಿ ಕೈದಿಗಳ ಕೈಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಸೆಲ್‌ನಲ್ಲಿ ಟೀವಿ ಇತ್ತು, ಇನ್ನೊಂದು ತುಣುಕಿನಲ್ಲಿ ಪಾರ್ಟಿ ಮಾಡಿಕೊಂಡು ಕುಣಿಯುತ್ತಿದ್ದರು. ಗೃಹ ಸಚಿವರು ಗರಂ ಆದರು. ಅಮಾನತು, ವರ್ಗಾವಣೆ, ಸಮಿತಿ ಮೂರೂ ಆಯಿತು. ಇಂಥ ಹೊತ್ತಿನಲ್ಲಿ ಯಾವ ಪಕ್ಷದ ಸರ್ಕಾರ ಇದ್ದರೂ ಒಂದು ಮಾತು ಬಂದೇ ಬರುತ್ತದೆ: ಕಾನೂನಿನ ಮುಂದೆ ಎಲ್ಲರೂ ಒಂದೇ, ಕಾನೂನು ತನ್ನ ಕೆಲಸ ತಾನು ಮಾಡುತ್ತೆ.

ಮಾಡುತ್ತೆ, ಇಲ್ಲ ಅನ್ನೋದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ಕೆಲಸ ಮಾಡುವ ಹಾಗೆ. ಕುರ್ಚಿಯ ಮೇಲೆ ಟವೆಲ್ ಇರುತ್ತೆ, ಮೇಜಿನ ಮೇಲೆ ಕನ್ನಡಕ ಇರುತ್ತೆ, ಫ್ಯಾನ್ ತಿರುಗುತ್ತಿರುತ್ತೆ. ಸಾಹೇಬರು ಈಗ ತಾನೇ ಇಲ್ಲೇ ಇದ್ದರು.

ನವೆಂಬರ್ ವಿಡಿಯೊಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಆ ಮೊಬೈಲು. ಜೈಲಿನೊಳಗೆ ಫೋನು ನಡೆಯಬಾರದು ಅಂತ ಅಲ್ಲಿ ಭಾರಿ ಶಕ್ತಿಯ ಜಾಮರ್ ಹಾಕಿದ್ದಾರೆ. ಎಂಥ ಶಕ್ತಿ ಅಂದರೆ, ಸುತ್ತಮುತ್ತಲ ಬಡಾವಣೆಯವರು ನಮ್ಮ ಮನೆಯೊಳಗೆ ಸಿಗ್ನಲ್ ಸಿಗುತ್ತಿಲ್ಲ ಅಂತ 2024ರಲ್ಲೇ ದೂರಿದ್ದರು. ಅವರ ಪಾಡು ಯೋಚನೆ ಮಾಡಿ. ಸಾಲ ಮಾಡಿ ಸೈಟು ಕೊಂಡು ಮನೆ ಕಟ್ಟಿದ್ದಾರೆ. ಕಂತು ಕಟ್ಟಲು ಓಟಿಪಿ ಬೇಕು. ಓಟಿಪಿಗಾಗಿ ಟೆರೇಸ್ ಹತ್ತಿ, ನೀರಿನ ಟ್ಯಾಂಕಿನ ಪಕ್ಕ ನಿಂತು, ಫೋನನ್ನು ಆಕಾಶಕ್ಕೆ ಎತ್ತಿ ಹಿಡಿಯಬೇಕು. ಬರಲ್ಲ. ಅದೇ ಹೊತ್ತಿಗೆ ಗೋಡೆಯ ಆ ಕಡೆ ಯಾರೋ ಮಂಚದ ಮೇಲೆ ಕಾಲು ಚಾಚಿಕೊಂಡು ಆರಾಮಾಗಿ ಫೋನಿನಲ್ಲಿ ಹರಟುತ್ತಿರುತ್ತಾರೆ. ಕಾನೂನು ಪಾಲಿಸುವವನಿಗೆ ಜಾಮರ್, ಮುರಿದವನಿಗೆ ಟವರ್. ಆ ಬಡಾವಣೆಯವರು ಸಿಗ್ನಲ್ ಬೇಕು ಅಂದರೆ ಒಳಗೆ ಹೋಗಿ ಮಾತಾಡಿಕೊಂಡು ಬರುವುದೇ ವಾಸಿ.

ಇನ್ನು 2024ರ ಆಗಸ್ಟ್‌ನ ಆ ಫೋಟೊ. ಹುಲ್ಲುಹಾಸು, ಪ್ಲಾಸ್ಟಿಕ್ ಕುರ್ಚಿಗಳು, ನಟ ದರ್ಶನ್, ಒಂದು ಕೈಯಲ್ಲಿ ಮಗ್, ಇನ್ನೊಂದರಲ್ಲಿ ಸಿಗರೇಟು, ಜೊತೆಗೆ ಒಬ್ಬ ರೌಡಿಶೀಟರ್. ದರ್ಶನ್ ಮೇಲಿನ ಕೊಲೆ ಆರೋಪ ಕೋರ್ಟಿನಲ್ಲಿದೆ. ತಪ್ಪಿತಸ್ಥರೋ ಅಲ್ಲವೋ ಅಂತ ಕೋರ್ಟ್ ಹೇಳುತ್ತದೆ. ಅದು ನನ್ನ ಕೆಲಸವಲ್ಲ. ನನ್ನ ತಕರಾರು ಕುರ್ಚಿಯ ಮೇಲೆ.

ಕುರ್ಚಿ ತಾನೇ ನಡೆದುಕೊಂಡು ಬಂದು ಹುಲ್ಲಿನ ಮೇಲೆ ನಿಲ್ಲುವುದಿಲ್ಲ ಅಲ್ವಾ? ಯಾರೋ ಎತ್ತಿಕೊಂಡು ಬಂದಿದ್ದಾರೆ. ನೆರಳು ಎಲ್ಲಿದೆ ಅಂತ ನೋಡಿ ಹಾಕಿದ್ದಾರೆ. ಇನ್ಯಾರೋ ಕಾಫಿ ಬೆರೆಸಿದ್ದಾರೆ. ಸಕ್ಕರೆ ಎಷ್ಟು ಹಾಕಲಿ ಸಾರ್ ಅಂತ ಕೇಳಿರುತ್ತಾರೆ. ಮಗ್ ಹುಡುಕಿದ್ದಾರೆ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಇವತ್ತಿಗೂ ಕಾಗದದ ಕಪ್ಪು. ಅರ್ಧ ಕುಡಿಯುವಷ್ಟರಲ್ಲಿ ತಳ ಮೆತ್ತಗಾಗುತ್ತದೆ. ಸರಿ, ಬಿಡಿ. ಇಷ್ಟೆಲ್ಲ ನಡೆಯುವಾಗ ಆ ಅಂಗಳದಲ್ಲಿ ವಾರ್ಡರ್‌ಗಳು ಓಡಾಡುತ್ತಲೇ ಇದ್ದಿರಬೇಕು. ಕಣ್ಣಿಗೆ ಬಿದ್ದಿಲ್ಲ. ಫೋಟೊ ಹೊರಗೆ ಬಂದ ಮೇಲೆ ರಾಜ್ಯದ ಜೊತೆ ಜೈಲಿಗೂ ವಿಷಯ ಗೊತ್ತಾಯಿತು. ಮೊದಲು ಏಳು ಮಂದಿ, ಆಮೇಲೆ ಇನ್ನಿಬ್ಬರು ಅಂತ ಜೈಲಿನ ಸಿಬ್ಬಂದಿಯನ್ನು ಅಮಾನತು ಮಾಡಿದರು. ನೋಡಿ, ತಪ್ಪು ಕುರ್ಚಿಯಲ್ಲಿ ಕೂತವನದ್ದಲ್ಲ, ಕೂರಿಸಿದವನದ್ದೂ ಪೂರ್ತಿ ಅಲ್ಲ. ಮುಖ್ಯ ತಪ್ಪು ಫೋಟೊ ತೆಗೆದವನದ್ದು.

ಆಮೇಲೆ ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಕಳಿಸಿದರು. ಟೀವಿಯಲ್ಲಿ ಆ ಸುದ್ದಿ ಹೇಳುವಾಗ ನಿರೂಪಕರ ದನಿ ಕೇಳಬೇಕಿತ್ತು. ಬಳ್ಳಾರಿ! ಆ ಬಿಸಿಲು! ಆ ಸೆಕೆ! ಅಂಡಮಾನಿಗೆ ಹಡಗು ಹತ್ತಿಸಿದ ಹಾಗೆ ಹೇಳಿದರು. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದು, ಅಲ್ಲೇ ಮೆಣಸಿನಕಾಯಿ ಒಣಗಿಸಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸಿಕೊಂಡು ಇರುವ ಲಕ್ಷಾಂತರ ಜನ ಯಾವ ಸೆಕ್ಷನ್ ಪ್ರಕಾರ ಈ ಶಿಕ್ಷೆ ಅನುಭವಿಸುತ್ತಿದ್ದಾರೆ ಅಂತ ಯಾರೂ ಕೇಳಲಿಲ್ಲ. ಬೆಂಗಳೂರಿನವರಿಗೆ ಉತ್ತರ ಕರ್ನಾಟಕ ಅಂದರೆ ಅಧಿಕಾರಿಗಳನ್ನು ವರ್ಗ ಮಾಡುವ ಜಾಗ ಅಂತ ಮೊದಲಿಂದಲೂ ಲೆಕ್ಕ. ಈಗ ಕೈದಿಗಳಿಗೂ ಅದೇ ಲೆಕ್ಕ ಸಿಕ್ಕಿತು.

ಇದೆಲ್ಲ ಶುರುವಾಗಿದ್ದು ಶಾಮಿಯಾನದಿಂದ, ನೆನಪಿದೆಯಾ? 2024ರ ಜೂನ್‌ನಲ್ಲಿ ಬಂಧನವಾದಾಗ ಅನ್ನಪೂರ್ಣೇಶ್ವರಿ ನಗರದ ಪೊಲೀಸ್ ಠಾಣೆಗೇ ಶಾಮಿಯಾನದ ಬಟ್ಟೆ ಕಟ್ಟಿದರು. ಒಳಗೆ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಹೊರಗಿನವರಿಗೆ ಕಾಣಬಾರದು. ಸುತ್ತ ನಿಷೇಧಾಜ್ಞೆ ಬೇರೆ. ನಮ್ಮ ಕಡೆ ಶಾಮಿಯಾನ ಹಾಕಿದರೆ ಒಂದೋ ಮದುವೆ, ಇಲ್ಲ ತಿಥಿ. ದಾರಿಯಲ್ಲಿ ಹೋಗುವ ಯಾರಾದರೂ ಊಟಕ್ಕೆ ಎಲೆ ಹಾಕಿದ್ದಾರಾ ಅಂತ ಇಣುಕಿದ್ದರೆ ಆಶ್ಚರ್ಯ ಇಲ್ಲ. ಭದ್ರತೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಬೈಕ್ ಕದ್ದು ಸಿಕ್ಕಿಬಿದ್ದ ಹುಡುಗನನ್ನು ಠಾಣೆಗೆ ತಂದಾಗ ಮುಸುಕು ಸಿಗುತ್ತಾ? ಸಾಲಾಗಿ ನಿಲ್ಲಿಸಿದ ಬೈಕುಗಳ ಮುಂದೆ ಅವನನ್ನು ನಿಲ್ಲಿಸಿ, ಹಿಂದೆ ಪೊಲೀಸರು ಎದೆಯುಬ್ಬಿಸಿ ನಿಂತು ಪತ್ರಿಕೆಗೆ ಫೋಟೊ ಕೊಡುತ್ತಾರೆ. ತಾಯಿ ಊರಲ್ಲಿ ಪೇಪರ್ ನೋಡುತ್ತಾಳೆ.

ಇನ್ನೊಂದು ಹೇಳಲೇಬೇಕು. ಪರಪ್ಪನ ಅಗ್ರಹಾರದಲ್ಲಿ ದರ್ಶನ್ ಅವರಿಗೆ ಸಿಕ್ಕ ವಿಚಾರಣಾಧೀನ ಕೈದಿ ಸಂಖ್ಯೆ 6106. ಜೈಲಿನವರು ರಿಜಿಸ್ಟರಿನಲ್ಲಿ ಸುಮ್ನೆ ಮುಂದಿನ ನಂಬರ್ ಬರೆದುಕೊಂಡಿದ್ದು, ಅಷ್ಟೆ. ಅಭಿಮಾನಿಗಳಿಗೆ ಅದು ಫ್ಯಾನ್ಸಿ ನಂಬರ್ ಆಯಿತು. ಗಾಡಿಗೆ ಹಾಕಿಸಿಕೊಂಡರು. ಮೈಮೇಲೆ ಹಚ್ಚೆ ಹಾಕಿಸಿಕೊಂಡರು. ಯಾರೋ ತಂದೆತಾಯಿ ಏನೂ ಅರಿಯದ ಎಳೆ ಮಗುವಿಗೆ ಕೈದಿ ಬಟ್ಟೆ ತೊಡಿಸಿ, ಅದರ ಮೇಲೆ 6106 ಬರೆದು ಫೋಟೊಶೂಟ್ ಮಾಡಿಸಿದರು. ಮಕ್ಕಳ ಹಕ್ಕುಗಳ ಆಯೋಗ ಮಧ್ಯೆ ಬರಬೇಕಾಯಿತು. ಹಿಂದೆ ಮಕ್ಕಳಿಗೆ ಕೃಷ್ಣನ ವೇಷ ಹಾಕುತ್ತಿದ್ದರು. ಕೃಷ್ಣನೂ ಜೈಲಿನಲ್ಲೇ ಹುಟ್ಟಿದ್ದು ಅಂತ ನೀವು ಹೇಳಬಹುದು. ಹೌದು, ಆದರೆ ದೇವಕಿ ವಸುದೇವರ ಕೈದಿ ನಂಬರ್ ಎಷ್ಟು ಅಂತ ಯಾವ ಭಕ್ತನೂ ಕೇಳಿಲ್ಲ. 6105 ಯಾರು? 6107 ಯಾರು? ಅವರ ಮೇಲೆ ಏನು ಕೇಸು, ಜಾಮೀನು ಸಿಕ್ಕಿತಾ, ಯಾರಾದರೂ ನೋಡಲು ಬಂದರಾ? ಆ ನಂಬರ್ ಹಾಕಿಸಿಕೊಂಡ ಆಟೊ ಒಂದೂ ಈ ರಾಜ್ಯದಲ್ಲಿ ಇಲ್ಲ.

ಜೈಲಿನ ಬಗ್ಗೆ ಜನರಿಗೆ ಇಷ್ಟು ಮೋಹ ಇದೆ ಅಂದಮೇಲೆ ಸರ್ಕಾರ ಸುಮ್ಮನೆ ಕೂರಬಾರದು. 2021ರಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿನವರಿಗೆ ಒಂದು ಒಳ್ಳೆಯ ಐಡಿಯಾ ಬಂದಿತ್ತು. 500 ರೂಪಾಯಿ ಕೊಟ್ಟರೆ ಒಂದು ದಿನ ಕೈದಿಯಾಗಿ ಇರಬಹುದು, ಬೆಳಿಗ್ಗೆ ಎಬ್ಬಿಸುತ್ತಾರೆ, ಕೆಲಸ ಮಾಡಿಸುತ್ತಾರೆ, ಸಾಲಿನಲ್ಲಿ ನಿಲ್ಲಿಸಿ ಊಟ ಹಾಕುತ್ತಾರೆ ಅಂತ ಪ್ರಸ್ತಾವ. ತೆಲಂಗಾಣದ ಸಂಗಾರೆಡ್ಡಿಯಲ್ಲಿ 2016ರಲ್ಲೇ ಹಳೇ ಜೈಲೊಂದರಲ್ಲಿ ಇದನ್ನು ಮಾಡಿದ್ದರು. ಅಲ್ಲೂ 500 ರೂಪಾಯಿ. ಖಾದಿ ಬಟ್ಟೆ, ತಟ್ಟೆ, ಲೋಟ ಎಲ್ಲ ಕೊಡುತ್ತಿದ್ದರು. ನನಗೆ ಆಗ ನಗು ಬಂದಿತ್ತು. ಈಗ ಅನ್ನಿಸುತ್ತೆ, ರೇಟು ಕಮ್ಮಿ ಆಯಿತು. ನಮ್ಮಲ್ಲಿ ಸಾಮಾನ್ಯ ಕೈದಿಯ ಅನುಭವಕ್ಕೆ 500 ಅಂದಿದ್ದರಲ್ಲ, ಅಸಾಮಾನ್ಯ ಕೈದಿಯ ಅನುಭವಕ್ಕೆ ಎಷ್ಟು ಅಂತ ಬೋರ್ಡು ಹಾಕಿಬಿಟ್ಟರೆ ಎಷ್ಟು ಅನುಕೂಲ! ಹುಲ್ಲಿನ ಮೇಲೆ ಕುರ್ಚಿಗೆ ಇಷ್ಟು, ವಿಡಿಯೊ ಕಾಲ್‌ಗೆ ಇಷ್ಟು, ಟೀವಿಗೆ ಇಷ್ಟು, ಕೇಬಲ್ ಬೇರೆ. ಜಿಎಸ್‌ಟಿ ಬರುತ್ತೆ, ಖಜಾನೆ ತುಂಬುತ್ತೆ. ಈಗ ಆ ದುಡ್ಡು ಯಾರ ಜೇಬಿಗೆ ಹೋಗುತ್ತೋ ದೇವರೇ ಬಲ್ಲ.

ಇದೇನು ಹೊಸ ಕಾಯಿಲೆಯಲ್ಲ. 2017ರಲ್ಲಿ ಇದೇ ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿದ್ದ, ಜಯಲಲಿತಾ ಆಪ್ತೆ ಶಶಿಕಲಾ ಅವರಿಗೆ ಪ್ರತ್ಯೇಕ ಅಡುಗೆಮನೆಯ ಸೌಲಭ್ಯ ಇದೆ ಅಂತ ಆಗಿನ ಡಿಐಜಿ ಡಿ. ರೂಪಾ ವರದಿ ಕೊಟ್ಟರು. ಆಮೇಲೆ ಏನಾಯಿತು? ಕೆಲವೇ ದಿನಗಳಲ್ಲಿ ರೂಪಾ ಅವರನ್ನು ಸಂಚಾರ ಮತ್ತು ರಸ್ತೆ ಸುರಕ್ಷತೆಗೆ ವರ್ಗ ಮಾಡಿದರು. ಮೇಲಧಿಕಾರಿಗೂ ವರ್ಗ. ವರದಿ ಕೊಟ್ಟವರೂ ಹೊರಗೆ, ವರದಿ ಓದಬೇಕಾದವರೂ ಹೊರಗೆ. ಸಮಾನತೆ ಅಂದರೆ ಇದು. ನಂತರ ಸರ್ಕಾರವೇ ನೇಮಿಸಿದ ನಿವೃತ್ತ ಐಎಎಸ್ ಅಧಿಕಾರಿಯ ಸಮಿತಿ, ಹೌದು, ವಿಶೇಷ ಸೌಲಭ್ಯ ಇತ್ತು ಅಂತ ಹೇಳಿತು. ಅದು ಸುದ್ದಿಯಾಗುವಷ್ಟರಲ್ಲಿ 2019 ಬಂದಿತ್ತು. ಶಿಕ್ಷೆ ಮುಗಿಸಿ 2021ರ ಜನವರಿಯಲ್ಲಿ ಅವರು ಹೊರಟೂ ಹೋದರು. ನಮ್ಮ ಸಮಿತಿಗಳಿಗೆ ಆತುರ ಇಲ್ಲ. ಇದ್ದಿದ್ದರೆ ಅವು ಸಮಿತಿಗಳಾಗುತ್ತಿರಲಿಲ್ಲ.

ದೊಡ್ಡವರ ಆರೋಗ್ಯದ ಬಗ್ಗೆಯೂ ಎರಡು ಮಾತು. ಬಡವನಿಗೆ ಕಾಯಿಲೆ ಮೊದಲು ಬರುತ್ತೆ, ಆಮೇಲೆ ಆಸ್ಪತ್ರೆಗೆ ಹೋಗುತ್ತಾನೆ. ದೊಡ್ಡವರಿಗೆ ವಾರಂಟ್ ಮೊದಲು ಬರುತ್ತೆ, ಅದನ್ನು ಓದಿ ಮುಗಿಸುವಷ್ಟರಲ್ಲಿ ಎದೆನೋವು. ನಿನ್ನೆ ರಾತ್ರಿವರೆಗೆ ವೇದಿಕೆ ಮೇಲೆ ತೊಡೆ ತಟ್ಟುತ್ತಿದ್ದವರು ಬೆಳಿಗ್ಗೆ ಸ್ಟ್ರೆಚರ್ ಮೇಲೆ. ಜಾಮೀನು ಸಿಕ್ಕಿದ ಗಂಟೆಯಲ್ಲೇ ಗುಣ. ಹೃದ್ರೋಗದಲ್ಲಿ ಇಂಥ ಪವಾಡ ಪ್ರಪಂಚದ ಬೇರೆ ಯಾವ ದೇಶದಲ್ಲೂ ಇಲ್ಲ. ವೈದ್ಯರು ಇದರ ಮೇಲೆ ಸಂಶೋಧನೆ ಮಾಡಬೇಕು. ಮಾಡಲು ಹೋದರೆ ಅವರಿಗೂ ರಸ್ತೆ ಸುರಕ್ಷತೆಗೆ ವರ್ಗ ಆಗಬಹುದು.

ರಸ್ತೆ ಅಂದಾಗ ನೆನಪಾಯಿತು. ಈ ರಾಜ್ಯದಲ್ಲಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಅಂತ ನಿಜವಾಗಿ ನಂಬಿರುವುದು ಒಬ್ಬರೇ, ಬೆಂಗಳೂರಿನ ಟ್ರಾಫಿಕ್ ಕ್ಯಾಮೆರಾ. ಅದಕ್ಕೆ ಮಿದುಳಿಲ್ಲ, ಹಾಗಾಗಿ ಯಾರು ಯಾರ ಮಗ ಅಂತ ಗೊತ್ತಾಗುವುದಿಲ್ಲ. ಮುಖ್ಯಮಂತ್ರಿಯಾಗಿದ್ದಾಗ ಸಿದ್ದರಾಮಯ್ಯನವರ ಸರ್ಕಾರಿ ಕಾರನ್ನೇ ಹಿಡಿದುಬಿಟ್ಟಿತ್ತು. ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಲ್ಲ ಅಂತ ಮತ್ತೆ ಮತ್ತೆ, ಒಂದು ಸಲ ಅತಿವೇಗ ಅಂತ. ದಂಡ ಬಾಕಿ ಇತ್ತು. 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸರ್ಕಾರ ಹಳೇ ದಂಡಕ್ಕೆ ಶೇ 50 ರಿಯಾಯಿತಿ ಘೋಷಿಸಿತಲ್ಲ, ಆಗ ಈ ಕಾರಿನ ದಂಡವೂ ಅರ್ಧ ರೇಟಿನಲ್ಲಿ ಕಟ್ಟಿದ್ದಾಯಿತು. ನಾನು ಇದನ್ನು ಟೀಕಿಸುವುದಿಲ್ಲ. ಆಟೊ ಚಾಲಕನಿಗೂ ಅರ್ಧ, ಮುಖ್ಯಮಂತ್ರಿಗೂ ಅರ್ಧ. ಕಟ್ಟಿದರು ಅನ್ನೋದೇ ದೊಡ್ಡದು. ಸಿದ್ದರಾಮಯ್ಯ 2023ರಲ್ಲಿ ನನಗೆ ಝೀರೋ ಟ್ರಾಫಿಕ್ ಬೇಡ ಅಂದವರು, ಆ ಮಟ್ಟಿಗೆ ಒಳ್ಳೆಯದೇ. ಆದರೂ ಆದೇಶ ಹೊರಡಿಸುವವರೇ ರಿಯಾಯಿತಿ ಮೇಳದ ಸಾಲಿನಲ್ಲಿ ನಿಂತಿದ್ದು ನೋಡಿ, ಆಷಾಢ ಸೇಲ್‌ನಲ್ಲಿ ಅಂಗಡಿ ಯಜಮಾನನೇ ಸೀರೆ ಹಿಡಿದು ಓಡಿದ ಹಾಗಾಯಿತು ಅಂತ ನನ್ನ ಹೆಂಡತಿ ಅಂದಳು.

ಕಾರಿನ ಮೇಲಿನ ಕೆಂಪು ದೀಪವನ್ನು 2017ರ ಮೇ 1ರಿಂದ ಕೇಂದ್ರ ಸರ್ಕಾರ ತೆಗೆಸಿತು. ಆಮೇಲೆ ಗಾಜಿನ ಹಿಂದೆ ಬೋರ್ಡುಗಳು ಬಂದವು. ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಅಧ್ಯಕ್ಷರ ಭಾವಮೈದ. ಇದು ಗೊತ್ತಿರುವ ಕತೆ, ಮುಂದೆ ಹೋಗೋಣ.

ಅಪರೂಪಕ್ಕೆ ಒಮ್ಮೊಮ್ಮೆ ಕಾನೂನು ನಿಜಕ್ಕೂ ಎದ್ದು ನಿಲ್ಲುತ್ತದೆ. ಪ್ರಜ್ವಲ್ ರೇವಣ್ಣ ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ಜರ್ಮನಿಗೆ ಹಾರಿದವರು. ತಾತ ಮಾಜಿ ಪ್ರಧಾನಿ, ಚಿಕ್ಕಪ್ಪ ಮಾಜಿ ಮುಖ್ಯಮಂತ್ರಿ, ತಾವೇ ಸಂಸದ. ಎದುರಿಗೆ ನಿಂತಿದ್ದು ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು. 2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ ಅತ್ಯಾಚಾರದ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಇದೆ, ಅದರ ಪಾಡಿಗೆ ಅದು ನಡೆಯುತ್ತೆ. ಆ ಹೆಣ್ಣುಮಗಳ ಧೈರ್ಯದ ಮುಂದೆ ನನ್ನ ಕುಹಕ ನಡೆಯುವುದಿಲ್ಲ, ಇಲ್ಲಿ ಸುಮ್ಮನಿರುತ್ತೇನೆ. ಆದರೆ ನಮ್ಮ ಚಾನೆಲ್‌ಗಳು ಸುಮ್ಮನಿರಲಿಲ್ಲ. ಪ್ರಜ್ವಲ್‌ಗೆ ಜೈಲಿನ ಲೈಬ್ರರಿಯಲ್ಲಿ ಗುಮಾಸ್ತನ ಕೆಲಸ ಕೊಟ್ಟಿದ್ದಾರೆ, ದಿನಕ್ಕೆ 500 ಚಿಲ್ಲರೆ ರೂಪಾಯಿ ಕೂಲಿ ಅಂತ ತಿಳಿದಾಗ ಸ್ಟುಡಿಯೊಗಳಲ್ಲಿ ಅದೇನು ಉಸಿರು ಬಿಗಿಹಿಡಿದ ಚರ್ಚೆ! ಹೇಗಿದ್ದವರು ಹೇಗಾದರು ನೋಡಿ! ಅದೇ ಕೂಲಿಗೆ ಹೊರಗೆ ದಿನವಿಡೀ ಇಟ್ಟಿಗೆ ಹೊರುವವರು ಎಷ್ಟು ಜನ ಇದ್ದಾರೆ. ಅವರಿಗೆ ಲೈಬ್ರರಿಯೂ ಇಲ್ಲ, ನೆರಳೂ ಇಲ್ಲ.

ನನ್ನ ತಲೆಯಲ್ಲಿ ಸಿಕ್ಕಿಹಾಕಿಕೊಂಡಿರುವುದು ಇದೇ. ದೊಡ್ಡವರಿಗೆ ಎಲ್ಲರ ಹಾಗೆ ಮಾಡಿದರೆ ನಮಗೆ ಅದೇ ಒಂದು ದುರಂತ. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ದರ್ಶನ್ ಜಾಮೀನು ರದ್ದು ಮಾಡಿತು. ಜೈಲಿನಲ್ಲಿ ಫೈವ್‌ಸ್ಟಾರ್ ಉಪಚಾರ ನಡೆದದ್ದು ಗೊತ್ತಾದರೆ ಮೊದಲು ಸೂಪರಿಂಟೆಂಡೆಂಟ್ ಅವರನ್ನೇ ಅಮಾನತು ಮಾಡಬೇಕಾಗುತ್ತದೆ ಅಂತಲೂ ಎಚ್ಚರಿಸಿತು. ಜೈಲಿನವರು ಹೆದರಿ ನಿಯಮ ಹಿಡಿದುಕೊಂಡರು. ಸೆಪ್ಟೆಂಬರ್‌ನಲ್ಲಿ ದರ್ಶನ್ ನ್ಯಾಯಾಧೀಶರ ಮುಂದೆ ಅಳಲು ತೋಡಿಕೊಂಡರು. ಬಿಸಿಲು ನೋಡಿ ಎಷ್ಟೋ ದಿನವಾಯಿತು, ಕೈಗೆ ಫಂಗಸ್ ಬಂದಿದೆ, ಇದಕ್ಕಿಂತ ವಿಷ ಕೊಟ್ಟುಬಿಡಿ ಅಂತ. ದಿಂಬು, ಹಾಸಿಗೆ ಬಟ್ಟೆಗೂ ಅರ್ಜಿ ಹಾಕಿದ್ದರು. ಹೆಚ್ಚುವರಿ ಹಾಸಿಗೆಗೂ ಜೈಲಿನ ಅಂಗಳದಲ್ಲಿ ಓಡಾಡಲಿಕ್ಕೂ ಕೋರ್ಟ್ ಒಪ್ಪಿತು.

ಅರ್ಧ ರಾಜ್ಯ ಅಯ್ಯೋ ಪಾಪ ಅಂದಿತು, ಇನ್ನರ್ಧ ಆಗಬೇಕಿತ್ತು ಅಂದಿತು. ಎರಡು ಕಡೆಯವರೂ ಒಂದು ವಿಷಯಕ್ಕೆ ಬರಲೇ ಇಲ್ಲ. ಅವರು ಹೇಳಿದ್ದು ನಿಜವೇ ಆಗಿದ್ದರೆ, ಬಿಸಿಲು ಕಾಣದೆ ಮನುಷ್ಯನ ಕೈಗೆ ಫಂಗಸ್ ಬರುವ ಜಾಗ ಅದಾಗಿದ್ದರೆ, ಅಲ್ಲಿ ಉಳಿದವರೂ ಇದ್ದಾರಲ್ಲ? ಅವರಿಗೂ ಕೈ ಇದೆ. ಅವರ ಚರ್ಮ ಬೇರೆ ಜಾತಿಯದ್ದಲ್ಲ. ಅವರ ಪರವಾಗಿ ದಿಂಬು ಕೇಳಲು ಹಿರಿಯ ವಕೀಲರು ಕೋಟು ಹಾಕಿಕೊಂಡು ಬರುವುದಿಲ್ಲ. ‘ಸಾಮಾನ್ಯ ಕೈದಿಯಂತೆ ನಡೆಸಿಕೊಳ್ಳುತ್ತಿದ್ದಾರೆ’ ಅನ್ನುವುದು ಚಿತ್ರಹಿಂಸೆಯ ದೂರು ಅಂತ ನಾವು ಒಪ್ಪಿಕೊಂಡ ಮೇಲೆ, ಸಾಮಾನ್ಯ ಕೈದಿಗೆ ನಾವು ಏನು ಮಾಡುತ್ತಿದ್ದೇವೆ? ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ಸುಸ್ತಾಗಿದೆ.

ಜಾತಿಯ ಮಾತು ಬಂತಲ್ಲ. 2024ರ ಅಕ್ಟೋಬರ್ 3ರವರೆಗೆ ಈ ದೇಶದ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆಗೆ ಇಂಥ ಜಾತಿಯವರು, ಗುಡಿಸಲು ಇಂಥ ಜಾತಿಯವರು ಅಂತ ಅಚ್ಚಾಗಿ ಇತ್ತು. ಒಬ್ಬ ಪತ್ರಕರ್ತೆ ಹಟ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿದ್ದಕ್ಕೆ ಅದು ಅಸಾಂವಿಧಾನಿಕ ಅಂತ ತೀರ್ಪು ಬಂತು. ಸಂವಿಧಾನಕ್ಕೆ ಎಪ್ಪತ್ತು ದಾಟಿದ ಮೇಲೆ. ಎಲ್ಲರೂ ಸಮಾನರು ಅನ್ನುವ 14ನೇ ವಿಧಿ ಜೈಲಿನ ಗೇಟಿನಲ್ಲಿ ಅಷ್ಟು ವರ್ಷ ಸಂದರ್ಶನಕ್ಕೆ ಚೀಟಿ ಬರೆಸಿಕೊಂಡು ಕೂತಿತ್ತು. ಅಂದರೆ ರಾಜಾತಿಥ್ಯ ಮಾತ್ರ ಕದ್ದುಮುಚ್ಚಿ ನಡೆಯುತ್ತಿತ್ತು. ಅವಮಾನ ನಿಯಮದ ಪ್ರಕಾರವೇ ನಡೆಯುತ್ತಿತ್ತು.

2022ರ ಸರ್ಕಾರಿ ಲೆಕ್ಕದ ಪ್ರಕಾರ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು. ಅದರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಇವರಲ್ಲಿ ಜಾಮೀನು ಸಿಕ್ಕಿಯೂ ಒಳಗೇ ಇರುವವರಿದ್ದಾರೆ. ಆದೇಶ ಆಗಿದೆ, ನ್ಯಾಯಾಧೀಶರು ಸಹಿ ಹಾಕಿದ್ದಾರೆ, ಆದರೆ ಶ್ಯೂರಿಟಿ ಕೊಡುವವರಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಬಡ ಕೈದಿಗಳಿಗೆ ಅಂತ ಒಂದು ಯೋಜನೆ ತಂದಿದೆ. ಶುರುವಿನ ನಿಯಮದಲ್ಲಿ ವಿಚಾರಣಾಧೀನನಿಗೆ 40,000 ರೂಪಾಯಿವರೆಗೆ ಜಿಲ್ಲಾ ಸಮಿತಿ ಮಂಜೂರು ಮಾಡಬಹುದಿತ್ತು. ಸಮಿತಿ ಸೇರಬೇಕು. ಸೇರಲು ಸಾಹೇಬರಿಗೆ ಬಿಡುವು ಬೇಕು. ಸಾಹೇಬರು ಸಚಿವರ ಜೊತೆ ಪ್ರವಾಸದಲ್ಲಿರುತ್ತಾರೆ.

ಕೋರ್ಟಿನ ಆವರಣದಲ್ಲಿ ಬೇವಿನ ಮರದ ಕೆಳಗೆ ಕೂತಿರುವ ಟೈಪಿಸ್ಟ್‌ಗಳನ್ನು ಕೇಳಿ, ಶ್ಯೂರಿಟಿಗೆ ಏನೇನು ಬೇಕು ಅಂತ ಪಟಪಟ ಹೇಳುತ್ತಾರೆ. ಆಧಾರ್, ಎರಡು ಫೋಟೊ, ಹೊಸ ಪಹಣಿ. ಪಹಣಿ ಶ್ಯೂರಿಟಿದಾರನ ಹೆಸರಲ್ಲೇ ಇರಬೇಕು, ಜಂಟಿ ಖಾತೆ ಆದರೆ ತಕರಾರು. ಅಡಕೆ ಮೂಟೆ ಕದ್ದ ಆರೋಪದ ಮೇಲೆ ಒಳಗಿರುವ ಕೂಲಿಯವನಿಗೆ ಪಹಣಿ ಇರುವ ಮನುಷ್ಯ ಎಲ್ಲಿಂದ ಸಿಗಬೇಕು? ಅಪ್ಪನಿಗೆ ಜಮೀನಿಲ್ಲ, ಭಾವನಿಗಿಲ್ಲ, ಜೊತೆಗೆ ಕೆಲಸ ಮಾಡುವವರಿಗೂ ಇಲ್ಲ. ಅವನಿಗೆ ಪರಿಚಯ ಇರುವ ಒಬ್ಬನೇ ಜಮೀನುದಾರ ಅಂದರೆ ದೂರು ಕೊಟ್ಟವನು.